ಮಗ್ಗದ ಮನೆಯ ಎರಡನೇ ಹೊಸ್ತಿಲು

ಯುದ್ಧದ ವರ್ಷಗಳಲ್ಲಿ ಬೆಂಗಳೂರಿನಲ್ಲಿ ಬಾಡಿಗೆಗೆ ಮನೆ ಹುಡುಕಿದವರಿಗೆ ನಾನು ಹೆಚ್ಚು ಹೇಳಬೇಕಾಗಿಲ್ಲ. ದಂಡಿನ ಕಡೆ ಸೋಲ್ಜರುಗಳು, ಕಾರ್ಖಾನೆಗಳ ಕಡೆ ಕೆಲಸಕ್ಕೆ ಬಂದ ಜನ. ಎರಡು ಕೋಣೆಯ ಮನೆಗೆ ನಮ್ಮ ಮನೆಯವರ ಸಂಬಳದ ಮುಕ್ಕಾಲು ಪಾಲು ಕೇಳುತ್ತಿದ್ದರು. ಮದುವೆಯಾದ ಮೊದಲ ವರ್ಷವೆಲ್ಲ ಭಾವನವರ ಮನೆಯ ನಡುಮನೆಯಲ್ಲಿ, ಹಗ್ಗಕ್ಕೆ ಇಳಿಬಿಟ್ಟ ಹಳೆಯ ಸೀರೆಯೊಂದರ ಹಿಂದೆ ನಮ್ಮ ಸಂಸಾರ. ಓರಗಿತ್ತಿ ಒಳ್ಳೆಯವರೇ. ಆದರೂ ನನ್ನ ಬಳೆ ಸದ್ದು ಮಾಡಿದರೆ ಸಾಕು, ಆಚೆ ಕಡೆ ಯಾರಾದರೂ ಕೆಮ್ಮುತ್ತಿದ್ದರು.

ದೊಡ್ಡಬಳ್ಳಾಪುರದಲ್ಲಿ ಮನೆ ಸಿಕ್ಕಿತು ಎಂದು ನಮ್ಮ ಮನೆಯವರು ಬಂದು ಹೇಳಿದ ದಿನ ನಾನು ಆ ಸೀರೆಯನ್ನು ಬಿಚ್ಚಿ, ಒಗೆದು, ಮಡಿಸಿ ಓರಗಿತ್ತಿಯ ಕೈಗೆ ಕೊಟ್ಟೆ. ದಿನಾ ರೈಲಿನಲ್ಲಿ ಆಫೀಸಿಗೆ ಹೋಗಿಬರುವುದು ಅವರಿಗೆ ಕಷ್ಟ. ಆದರೆ ಬಾಡಿಗೆ ನಮ್ಮ ಕೈಗೆಟುಕುವಂತಿತ್ತು.

ಮನೆ ಎಂದರೆ ನೇಕಾರರ ಬೀದಿಯ ಒಂದು ಮಗ್ಗದ ಕೋಣೆ. ನೂಲು ಸರಿಯಾಗಿ ಸಿಗದೆ ಮಗ್ಗವನ್ನು ಬಿಚ್ಚಿ ಅಟ್ಟಕ್ಕೇರಿಸಿದ್ದರು. ನೇಯುವವರು ಕಾಲು ಇಳಿಬಿಟ್ಟು ಕೂರುತ್ತಿದ್ದ ಗುಂಡಿಗೆ ಹಲಗೆ ಮುಚ್ಚಿದ್ದರು. ನಾನು ಅದರೊಳಗೆ ಅಕ್ಕಿಯ ಮಡಕೆ ಇಟ್ಟೆ. ಗೋಡೆಯ ಬಿರುಕುಗಳಲ್ಲಿ ಬಣ್ಣದ ಎಳೆಗಳು ಸಿಕ್ಕಿಕೊಂಡಿದ್ದವು. ಗುಡಿಸಿದಷ್ಟೂ ಒಂದು ಕೆಂಪು ಎಳೆ, ಒಂದು ಹಸಿರು ಎಳೆ. ಪಕ್ಕದ ಓಣಿಗೆ ನಮ್ಮದೇ ಒಂದು ಪುಟ್ಟ ಬಾಗಿಲು.

ಒಂದೇ ತೊಡಕು. ಹಿಂದೆಂದೋ ನೂಲಿಗೆ ಬೆಂಕಿ ಹತ್ತಿದ್ದರಿಂದ ಮಗ್ಗದ ಕೋಣೆಯಲ್ಲಿ ಒಲೆ ಹೂಡಬಾರದು, ಬಾಡಿಗೆಗೆ ಕೊಡಬಾರದು ಎಂದು ಮುನಿಸಿಪಾಲಿಟಿಯ ಕಟ್ಟಳೆ. ಮನೆಯೊಡತಿ ಅಜ್ಜಿ ಮೊದಲ ದಿನವೇ ಹೇಳಿಬಿಟ್ಟರು: “ನೋಡಮ್ಮಣ್ಣಿ, ನಾನು ಒಲೆ ಹಚ್ಚಿದಾಗ್ಲೇ ನೀನೂ ಹಚ್ಚು. ಹೊಗೆ ಒಂದೇ ಮನೇದು ಅಂತ ಕಾಣ್ಲಿ. ಬೀದಿ ಬಾಗ್ಲಲ್ಲೇ ಓಡಾಡು. ಓಣಿ ಬಾಗ್ಲಿಗೆ ಮಾತ್ರ ರಂಗೋಲಿ ಬಿಡ್ಬೇಡ.”

ಹೊಗೆಯದನ್ನು ಪಾಲಿಸಿದೆ. ಓಡಾಟದ್ದನ್ನೂ ಪಾಲಿಸಿದೆ. ಆದರೆ ರಂಗೋಲಿಯಿಲ್ಲದ ಹೊಸ್ತಿಲು ಸೂತಕದ ಮನೆಯದು. ನನ್ನದೆಂದು ಸಿಕ್ಕಿದ ಮೊದಲ ಹೊಸ್ತಿಲು ದಿನವೂ ಹಾಗೆ ಬೋಳಾಗಿರುವುದನ್ನು ನೋಡಿ ನೋಡಿ, ಒಂದು ಶುಕ್ರವಾರ ತಡೆಯಲಾರದೆ ಅಂಗೈಯಗಲದ ಒಂದನ್ನು ಬಿಟ್ಟೆ. ಓಣಿಗೆ ಯಾರು ಬರುತ್ತಾರೆ?

ಚರಂಡಿ ನೋಡಲು ಮುನಿಸಿಪಾಲಿಟಿ ಮೇಸ್ತ್ರಿ ಬಂದ.

“ಏನಜ್ಜಿ, ಒಂದು ನಂಬರಿಗೆ ಎರಡು ರಂಗೋಲಿ?”

“ನನ್ನ ಮನೆಗೆ ಎರಡು ಬಾಗ್ಲು ಕಣಪ್ಪಾ. ಎರಡ್ಕೂ ನಾನೇ ಬಿಟ್ಟೆ.”

ಮೇಸ್ತ್ರಿ ಬೀದಿಗೆ ಹೋಗಿ ನೋಡಿ ತಿರುಗಿ ಬಂದ. “ನೀನು ಬಿಟ್ಟಿರೋದು ಬೆಳ್ಳುಳ್ಳಿ ಸಿಪ್ಪೆ ಚೆಲ್ದಂಗೈತೆ. ಇದು ಅಚ್ಚು ಒತ್ತಿದಂಗೈತೆ. ಯಾರವ್ವ ಒಳಗೆ?”

ನಾನು ಓದಿದ ಕಾನ್ವೆಂಟಿನಲ್ಲಿ ಸಿಸ್ಟರುಗಳು ಕಸೂತಿ ಕಲಿಸುವಾಗ ಒಂದು ಹೊಲಿಗೆ ಓರೆಯಾದರೂ ಬಿಚ್ಚಿಸುತ್ತಿದ್ದರು. ಆ ಅಚ್ಚುಕಟ್ಟೇ ನನ್ನನ್ನು ಹಿಡಿದುಕೊಟ್ಟಿತು. ತಲೆ ತಗ್ಗಿಸಿ ಹೊರಗೆ ಬಂದೆ. ತಿಂಗಳ ಕೊನೆಗೆ ಖಾಲಿ ಮಾಡಬೇಕು ಎಂದ. ಅಜ್ಜಿ ಅವನ ಹಿಂದೆಯೇ ಓಣಿಯುದ್ದಕ್ಕೂ ಹೋದರು: “ನೂಲು ಕೊಡಿಸೋ, ನಾಳೆನೇ ಮಗ್ಗ ಹೂಡ್ತೀನಿ! ಖಾಲಿ ಕೋಣೇಲಿ ಇಲಿ ಇರ್ಬೋದು, ಮನುಷ್ರು ಇರ್ಬಾರ್ದಾ?”

ನನ್ನ ಕಣ್ಣಿಗೆ ಭಾವನವರ ಮನೆಯ ಆ ಸೀರೆ ಮತ್ತೆ ಹಗ್ಗದ ಮೇಲೆ ತೂಗಾಡಿತು. ಸಂಜೆ ರೈಲಿಳಿದು ಬಂದ ನಮ್ಮ ಮನೆಯವರು ಎಲ್ಲ ಕೇಳಿ, “ನಾಳೆ ಅಣ್ಣನ ಮನೆಗೆ ಹೋಗಿ ಕೇಳ್ಲಾ?” ಎಂದಷ್ಟೇ ಅಂದರು. “ನಾಲ್ಕು ದಿನ ಬೇಡ,” ಎಂದೆ.

ಬಯ್ಯುವ ಬದಲು ಅಜ್ಜಿ ನನ್ನ ಕೈಗೆ ಕಾಗದ ಕೊಟ್ಟರು. “ಅಚ್ಚು ಒತ್ತಿದಂಗೆ ಬರೀತೀಯಲ್ಲ, ಅರ್ಜಿ ಬರಿ.” ನೇಯುವ ಮಗ್ಗವಿಲ್ಲದ ಕೋಣೆಯಲ್ಲಿ ಸಂಸಾರವಿರಲು ಅಪ್ಪಣೆ ಕೊಡಬೇಕು, ಹೊರಗೋಡೆಗೆ ಒಲೆ ಹೂಡಿ ಹೊಗೆಗೂಡು ಕಟ್ಟಿಸುತ್ತೇವೆ ಎಂದು ಬರೆದೆ. ಅಜ್ಜಿ ಹೆಬ್ಬೆಟ್ಟು ಒತ್ತಿದರು. ಮುನಿಸಿಪಾಲಿಟಿಯ ಮೆಂಬರುಗಳು ಸೋಮವಾರ ಬೆಳಿಗ್ಗೆ ಬಂದು ಓಣಿ ನೋಡುತ್ತಾರೆ ಎಂದು ಉತ್ತರ ಬಂತು.

ಓಣಿಯಲ್ಲಿ ನಮ್ಮಂತೆ ಅಡಗಿದ್ದವರು ಇನ್ನೂ ಇದ್ದರು. ನಲ್ಲಿಯ ಹತ್ತಿರ ಅವರೆಲ್ಲ ನನ್ನನ್ನು ಕಂಡರೆ ಮುಖ ತಿರುಗಿಸುತ್ತಿದ್ದರು. ರೈಲ್ವೆಯಲ್ಲಿದ್ದ ಒಬ್ಬರ ಹೆಂಡತಿ ಮಾತ್ರ ಬಾಯಿಬಿಟ್ಟು ಅಂದಳು: “ಅಂಗೈಯಗಲ ರಂಗೋಲಿಗೆ ನಮ್ಮೆಲ್ಲರ ಒಲೆಗೂ ನೀರು ಸುರಿದ್ಯಲ್ಲೇ ತಾಯಿ!”

“ಅಡಗಿದ್ರೆ ಒಬ್ಬೊಬ್ಬರನ್ನೇ ಎಬ್ಬಿಸ್ತಾರೆ ಅಕ್ಕ,” ಎಂದೆ. ನನ್ನ ದನಿ ನನಗೇ ಕೇಳಿಸುವಂತಿರಲಿಲ್ಲ. “ಸೋಮವಾರ ನಿಮ್ಮ ಬಾಗಿಲಿಗೂ ಬಿಡಿ. ಎಷ್ಟು ಮನೆ ಇದೆ ಅಂತ ನೋಡಲಿ.”

“ಓ, ನೀನು ಹೇಳಿದ್ದೇ ಹೇಳಿದ್ದು!” ಎಂದು ಅವಳು ಕೊಡ ಎತ್ತಿಕೊಂಡು ಹೋದಳು.

ಸೋಮವಾರ ಬೆಳಕು ಹರಿಯುವಾಗ ಓಣಿ ಬಾಗಿಲು ತೆರೆದೆ. ಎದುರಿನ ಬಾಗಿಲಿಗೆ ರಂಗೋಲಿ ಬಿದ್ದಿತ್ತು. ಅದರಾಚೆಯದಕ್ಕೂ. ತಿರುವಿನವರೆಗೆ ಹೋಗಿ ನೋಡಿದೆ. ಒಂದು ನಕ್ಷತ್ರ, ಒಂದು ಕಮಲ, ಯಾರೋ ಅವಸರದಲ್ಲಿ ಎಳೆದ ಎರಡು ಗೆರೆ. ಕೊನೆಯಲ್ಲಿ ರೈಲ್ವೆಯವರ ಹೆಂಡತಿ ಬಗ್ಗಿ ನನ್ನದಕ್ಕಿಂತ ನಾಲ್ಕು ಪಾಲು ದೊಡ್ಡದನ್ನು ಬಿಡುತ್ತಿದ್ದಳು. “ಏನು ನೋಡ್ತೀಯ? ಹೋಗು, ನಿನ್ನ ಬಾಗ್ಲು ಸಾರ್ಸು,” ಎಂದಳು.

ಮೆಂಬರುಗಳು ಬಂದರು. ರಂಗೋಲಿ ತುಳಿಯಬಾರದೆಂದು ಪಂಚೆ ಎತ್ತಿ ಹಿಡಿದು, ಆಚೆಗೊಂದು ಈಚೆಗೊಂದು ಹೆಜ್ಜೆ ಹಾಕುತ್ತ ಬರಬೇಕಾಯಿತು. ಎಲ್ಲರಲ್ಲಿ ಹಿರಿಯರು ನಮ್ಮ ಕೋಣೆಗೆ ಬಂದು, ಹಲಗೆ ಎತ್ತಿಸಿ ಗುಂಡಿಯ ಅಕ್ಕಿಯ ಮಡಕೆಯನ್ನು ನೋಡಿ ನಕ್ಕುಬಿಟ್ಟರು. “ಇಷ್ಟು ಸಂಸಾರಗಳನ್ನ ಎಬ್ಬಿಸಿ ಎಲ್ಲಿಗೆ ಕಳಿಸೋಣ ಮೇಸ್ತ್ರಿ? ನಿಮ್ಮನೇಲಿ ಜಾಗ ಐತಾ?” ಮೇಸ್ತ್ರಿ ಚರಂಡಿ ನೋಡುತ್ತ ನಿಂತ.

ಹದಿನೈದು ದಿನದೊಳಗೆ ಕಟ್ಟಳೆ ಸಡಿಲವಾಯಿತು. ಮಗ್ಗವಿಲ್ಲದ ಕೋಣೆಯನ್ನು ಬಾಡಿಗೆಗೆ ಕೊಡಬಹುದು. ಬೇರೆ ಬಾಗಿಲು, ಹೊರಗೋಡೆಯ ಒಲೆ, ಹೊಗೆಗೂಡು ಇರಬೇಕು. ಕಾಗದವನ್ನು ಅಜ್ಜಿಗೆ ಓದಿ ಹೇಳುವಾಗ ಅರ್ಧಕ್ಕೆ ಬಂದು ಮತ್ತೆ ಮೊದಲ ಸಾಲಿಗೇ ಹೋದೆ. “ಮಿಕ್ಕಿದ್ದು ಆಮೇಲೆ ಓದು, ಮೊದ್ಲು ಕಾಫಿ ಕಾಯ್ಸು. ನಾನು ಒಲೆ ಹಚ್ಚೋವರ್ಗೂ ಕಾಯ್ಬೇಡ,” ಎಂದರು ಅಜ್ಜಿ.

ಮುಂದಿನ ವಾರ ಮೇಸ್ತ್ರಿ ತಗಡಿನ ನಂಬರು ತಂದ. ಅಜ್ಜಿಯ ಮನೆಯ ನಂಬರೇ, ಪಕ್ಕದಲ್ಲಿ ಒಂದು ‘ಎ’. ಮೊಳೆ ಹೊಡೆಯಲು ನಿಲ್ಲುವುದಕ್ಕೆ ಅವನಿಗೆ ಜಾಗವಿರಲಿಲ್ಲ. ಅಂದು ನಾನು ಹೊಸ್ತಿಲಿನಿಂದ ಚರಂಡಿಯ ಅಂಚಿನವರೆಗೂ ರಂಗೋಲಿ ಬಿಟ್ಟಿದ್ದೆ.

“ಎಲ್ಲಿ ಕಾಲಿಡ್ಲವ್ವ ನಾನು?” ಎಂದ.

ಒಳಗಿನಿಂದ ಸ್ಟೂಲು ತಂದು, ರಂಗೋಲಿಯ ಎರಡು ಎಸಳುಗಳ ನಡುವೆ ಹುಷಾರಾಗಿ ಇಟ್ಟುಕೊಟ್ಟೆ.