ಹಿಂದಿನದನ್ನು ಮಸುಕು ಮಾಡುವ ವಿದ್ಯೆ

ನಿನ್ನೆ ಚಿಕ್ಕೋಡಿಯ ನನ್ನ ಸ್ಟುಡಿಯೊಗೆ ಒಂದು ಹಳೆಯ ವಿಡಿಯೊ ಕ್ಯಾಸೆಟ್ ಬಂತು. ತೆರೆದರೆ ಬೂಷ್ಟು, ಡಾಂಬರು ಗುಳಿಗೆ ಎರಡೂ ಸೇರಿದ ವಾಸನೆ. ತಂದವರು ಜುಗೂಳದ ಸುಮಿತ್ರಾ. "ಇದನ್ನ ಮೊಬೈಲ್‌ನ್ಯಾಗ ಹಾಕಿ ಕೊಡ್ರಿ" ಎಂದರು. ತೊಂಬತ್ತರ ದಶಕದಲ್ಲಿ ಅದನ್ನು ತೆಗೆದವನು ನಾನೇ.

ಈಗ ಮೊಬೈಲಿನಲ್ಲಿ ಗುಂಡಿ ಒತ್ತಿದರೆ ಹಿನ್ನೆಲೆ ಮಸುಕಾಗುತ್ತದೆ. ಆಗ ಮೈ ಮುರಿದು ದುಡಿಯಬೇಕಿತ್ತು ನೋಡಿ. ಕೂತವರನ್ನು ಗೋಡೆಯಿಂದ ದೂರ ಎಳೆದು, ಕ್ಯಾಮೆರಾ ಹೊತ್ತು ಇನ್ನೂ ದೂರ ಹೋಗಿ, ಅಲ್ಲಿಂದ ಝೂಮ್ ಮಾಡಬೇಕು. ನಿಪ್ಪಾಣಿಯಿಂದ ಅಥಣಿವರೆಗೆ ಈ ವಿದ್ಯೆ ಬಲ್ಲವನು ನಾನೊಬ್ಬನೇ ಎಂದು ಮೀಸೆ ತಿರುವುತ್ತಿದ್ದೆ. ಮೀಸೆ ಆಗಷ್ಟೇ ಚಿಗುರಿತ್ತು, ಆ ಮಾತು ಬೇರೆ. ನಮ್ಮ ಜನಕ್ಕೋ, ಮುಖಕ್ಕಿಂತ ಹಿಂದಿನ ಟ್ರ್ಯಾಕ್ಟರ್ ಚೆನ್ನಾಗಿ ಕಾಣಬೇಕು.

ಸುಮಿತ್ರಾಳನ್ನು ನೋಡಲು ಬರಲು ಪುಣೆಯ ವರನಿಗೆ ರಜೆ ಸಿಗದೆ, ಹುಡುಗಿ ಮಾತಾಡುವುದನ್ನು ಟೇಪು ಮಾಡಿ ಕಳಿಸಿ ಎಂದಿದ್ದರು. ಸುಮಿತ್ರಾಳ ಅಪ್ಪ ಸಣ್ಣ ರೈತ. ಓಣಿಯವರಿಂದ ಟಿವಿ, ಹೊಲಿಗೆ ಯಂತ್ರ, ಸ್ಟೀಲಿನ ಕೊಡಗಳನ್ನು ಕೇಳಿ ತಂದು ಮನೆ ಮುಂದಿನ ತೆರೆದ ಪಡಸಾಲೆಯಲ್ಲಿ ಜೋಡಿಸಿದ್ದರು. ಅವರು ಟಿವಿ ಒರೆಸುತ್ತಿದ್ದಾಗ ಹುಡುಗಿ ನನ್ನ ಬಳಿ ಬಂದು ಪಿಸುಗುಟ್ಟಿದಳು:

"ಇವ್ಯಾವೂ ನಮ್ಮವಲ್ರಿ. ಸುಳ್ಳ ತೋರಿಸಿ ಲಗ್ನಾದ್ರ ಜೀವನಪೂರ್ತಿ ತಲಿ ತಗ್ಗಿಸಬೇಕಾಗತೈತಿ. ಏನರ ಮಾಡ್ರಿ."

ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ! "ಇಲ್ಲಿ ಬೆಳಕು ಚಲೋ ಐತ್ರಿ" ಎಂದು ಅವಳನ್ನು ಅಂಗಳದಾಚೆ ಬೇವಿನ ನೆರಳಲ್ಲಿ ಕುಳ್ಳಿರಿಸಿ, ನಾನು ರಸ್ತೆ ದಾಟಿ ಕಬ್ಬಿನ ಗಾಡಿಯ ಪಕ್ಕ ನಿಂತೆ. ಪ್ರಶ್ನೆಗಳನ್ನು ಕೂಗಿ ಕೇಳಿದೆ. ಉತ್ತರ ಓಣಿಗೆಲ್ಲ ಕೇಳಿಸಿತು.

ಕ್ಯಾಮೆರಾದ ಕಿಂಡಿಯಲ್ಲಿ ಟೇಪು ನೋಡಿ ಅಪ್ಪ ಕೆಂಡವಾದರು. "ಟಿವಿ ಎಲ್ಲಿ ಹೋತಲೇ?"

"ಹಿಂದ ಐತ್ರಿ, ಮಸಕಾಗೇತಿ."

"ಮಗಳ ಲಗ್ನ ತಪ್ಪಸ್ತೀಯಲ್ಲೋ!"

ಮತ್ತೆ ತೆಗೆಯೋಣವೆಂದರೆ, ಸಂಜೆಯ ಮರಾಠಿ ಸಿನಿಮಾಕ್ಕೆ ಟಿವಿ ತನ್ನ ಮನೆಗೆ ಮರಳಿತ್ತು. ಅದೇ ಟೇಪು ಪುಣೆಗೆ ಹೋಯಿತು. ಹುಡುಗಿ ನೇರ ಮಾತಾಡುತ್ತಾಳೆ ಎಂದು ಅತ್ತೆಯಾಗುವವರು ಒಪ್ಪಿದರು. ಆ ಗೆಲುವನ್ನು ನಾನು ಎಷ್ಟು ಮದುವೆಮನೆಗಳಲ್ಲಿ ಕೊಚ್ಚಿಕೊಂಡಿದ್ದೇನೋ.

ನಿನ್ನೆಯೂ ಟೇಪು ಹಚ್ಚಿ, ಅದನ್ನೇ ಕೊಚ್ಚಲು ಬಾಯಿ ತೆರೆದಿದ್ದೆ. ಅಷ್ಟರಲ್ಲಿ ಸುಮಿತ್ರಾ ಪರದೆಯ ಮೇಲೆ ಬೆರಳಿಟ್ಟರು. ಟೇಪಿನ ಹುಡುಗಿಯ ಹೆಗಲ ಹಿಂದೆ ಬಿಳಿಯದೊಂದು ಮಸುಕು ಅಲುಗುತ್ತಿತ್ತು.

"ಅಪ್ಪರಿ. ಎಮ್ಮಿಕರ ಬಂದು ಟಿವಿ ಕೆಡವೀತಂತ ಕಾಯ್ಕೋತ ನಿಂತಿದ್ದ. ಈಗ ಅಂವಾ ಇಲ್ಲ. ವಿಡಿಯೊದಾಗ ಅಂವಾ ಇರೂದು ಇದೊಂದರಾಗ ಅಷ್ಟ. ಸ್ವಚ್ಛ ಮಾಡಾಕ ಬರತೈತೇನ್ರಿ?"

ಬರುವುದಿಲ್ಲ. ನನ್ನ ವಿದ್ಯೆಯಲ್ಲಿ ಅದೊಂದಿಲ್ಲ. ಹಾಗೇ ಹೇಳಿದೆ.

"ಇರ್ಲಿ ಬಿಡ್ರಿ" ಎಂದು ಅವರು ಕುರ್ಚಿಯನ್ನು ಪರದೆಯ ಹತ್ತಿರ ಎಳೆದುಕೊಂಡರು. "ಅಪ್ಪನ ರುಮಾಲ ನನಗ ಹಿಂಗೂ ಗುರ್ತ ಸಿಗತೈತಿ. ಇನ್ನೊಮ್ಮೆ ಹಚ್ರಿ."

ಟೇಪನ್ನು ಹಿಂದಕ್ಕೆ ಸುತ್ತಿದೆ. ಈ ಸಲ ನಾನೂ ಹುಡುಗಿಯ ಮುಖ ಬಿಟ್ಟು ಹಿಂದಿನದನ್ನೇ ನೋಡುತ್ತ ಕೂತೆ.