ಕಲ್ ಕಾ ರಾಸ್ತಾ

ಮುಬಶ್ಶೀರ್ ಭಾಯಿಗೆ ಫೋನಿನಲ್ಲಿ ಒಂದು ಮಾತನ್ನು ನೆಟ್ಟಗೆ ಮುಗಿಸಿ ಗೊತ್ತಿರಲಿಲ್ಲ. ಎದುರಿಗೆ ಕೂತರೆ ಚಹಾ ಆರಿ ನೀರಾಗುವವರೆಗೆ ಹರಟುವ ಮನುಷ್ಯ, ಫೋನ್ ಕಿವಿಗಿಟ್ಟರೆ ಬಾಯಿಗೆ ಬೀಗ. "ಹಾಂ. ಆಯ್ತು. ಇಡ್ರಿ." ಇಷ್ಟೇ. ಎಷ್ಟು ಸಲ ಬೈದಿದ್ದೇನೆ ನಾನು! "ಭಾಯಿ, ನಿಮ್ಮ ಮಾತಿಗೂ ಟ್ಯಾಕ್ಸ್ ಬಿದ್ದದೇನ್ರಿ?" ಎಂದರೆ ಹಲ್ಲು ಕಿರಿಯುತ್ತಿದ್ದರು. ಈಗ ಯಾರನ್ನು ಬೈಯಲಿ?

ಬೀದರಿನ ಚಿದ್ರಿಯಲ್ಲಿ ಅವರದು ಮೋಟಾರ್ ಸೈಕಲ್ ಸೀಟಿಗೆ ಕವರ್ ಹೊಲಿಯುವ ಅಂಗಡಿ. ಏರ್‌ಫೋರ್ಸಿನ ಹುಡುಗನೊಬ್ಬ ವರ್ಗವಾಗಿ ಹೋಗುವಾಗ ತನ್ನ ದಪ್ಪ ಟಯರಿನ ಗೇರ್ ಸೈಕಲ್ಲನ್ನು ಅವರಿಗೆ ಮಾರಿ ಹೋದ. ನಲವತ್ತು ದಾಟಿದ ಮೇಲೆ ಹಿಡಿದ ಹುಚ್ಚು ಅದು, ಬಿಡಲೇ ಇಲ್ಲ. ಬಗದಲ್ ಕಡೆ ಹೋಗುವಾಗ ಸಿಗುವ ಕುರುಚಲು ಕಾಡಿನಲ್ಲಿ ಕಲ್ಲು ಸರಿಸಿ, ಕಂಟಿ ಕಡಿದು, ಸೈಕಲ್ ಓಡುವಷ್ಟು ಅಗಲದ ದಾರಿ ಮಾಡತೊಡಗಿದರು. ಯಾರು ಹೇಳಿದ್ದರು, ಯಾರು ಕೇಳಿದ್ದರು? ಅವರ ಹೆಂಡತಿ ಕುಬರಾ ಅಂತೂ ಸಾಕಾಗಿ, "ಆ ಸೈಕಲ್ ಜೋಡೀನೇ ನಿಕಾಹ್ ಮಾಡ್ಕೋಬೇಕಿತ್ತು ನೀವು" ಎಂದು ನಮ್ಮೆದುರಿಗೇ ಅಂದಿದ್ದಳು.

ಒಂದು ನೇಮ ಮಾತ್ರ ಬಲವಾಗಿ ಹಿಡಿದಿದ್ದರು. ಹೊಸ ದಾರಿಯಲ್ಲಿ ಮೊದಲು ತಾವೇ ಬೀಳಬೇಕು, ಆಮೇಲೆ ಉಳಿದವರು. ಮೊಣಕೈ ತರಚಿಕೊಂಡು ಬಂದು, "ಪಾಸ್ ಆಯ್ತು, ಬರ್ರಿ ಈಗ" ಅನ್ನುತ್ತಿದ್ದರು. ಆ ದಾರಿಗಳಿಗೆ ಭಾಲ್ಕಿಯಿಂದ, ಔರಾದಿನಿಂದ ಜನ ಬರತೊಡಗಿದರು. ಭಾಲ್ಕಿಯವರೆಂದರೆ ನಾವು: ಕಾಲೇಜಿನಲ್ಲಿ ಪಾಠ ಹೇಳುವ ನನ್ನ ತಮ್ಮ ಅಶ್ವಜಿತ, ಸಾಲಿ ಮಕ್ಕಳಿಗೆ ಆಟ ಕಲಿಸುವ ವಿಶಾಖಾ ಎಂಬ ನಾನು. ಭಾಯಿಯ ಒಬ್ಬಳೇ ಮಗಳು ಆಯೆಶಾ ಓದಲಿಕ್ಕೆಂದು ಭಾಲ್ಕಿಗೆ ಬಂದಾಗ ನಮ್ಮ ಮಾಳಿಗೆಯ ಕೋಣೆಯಲ್ಲೇ ಇಟ್ಟುಕೊಂಡೆವು. ಸೈಕಲ್ ಮೇಲೆ ಕೂತರೆ ಆ ಹುಡುಗಿಗೆ ಹೆದರಿಕೆ ಎಂಬುದೇ ಇರಲಿಲ್ಲ. ಭಾನುವಾರದ ಸವಾರಿಯಲ್ಲಿ ಯಾವಾಗಲೂ ಅವಳದೇ ಮೊದಲ ಸೈಕಲ್ಲು.

ಆ ಶುಕ್ರವಾರ ನಮಗೆ ರಜೆಯಿತ್ತು. ಜುಮ್ಮಾ ನಮಾಜ್ ಮುಗಿಸಿಕೊಂಡು ಬಂದ ಭಾಯಿ, ನನಗೂ ಅಶ್ವಜಿತನಿಗೂ ಕಣಿವೆಯಲ್ಲಿ ತಾವು ಹೊಸದಾಗಿ ತೆಗೆದ ದಾರಿ ತೋರಿಸಿದರು. ಚಂದದ ದಾರಿ, ಸುಳ್ಳಲ್ಲ. ನೆಲವೂ ಗಟ್ಟಿಯಿತ್ತು. ಆದರೆ ಭಾನುವಾರ ಎಲ್ಲರನ್ನೂ ಕರೆದೊಯ್ಯುವುದು ಹಳೆಯ ದಿಬ್ಬದ ದಾರಿಗೇ ಎಂದು ಮಾತಾಗಿತ್ತು.

ಅವತ್ತೇ ರಾತ್ರಿ ಮಳೆ ಸುರಿಯಿತು. ಹೊಸ ದಾರಿಯ ಮೇಲೆ ನೀರು ಹ್ಯಾಗೆ ಹರಿಯುತ್ತದೆಂದು ನೋಡಲು ಶನಿವಾರ ಭಾಯಿ ಒಬ್ಬರೇ ಹೋದರು. ಕಣಿವೆಯ ನಡುವೆ ಕೆಂಪು ಮಣ್ಣು ತಟ್ಟೆಯಂತೆ ಕುಸಿದು, ಮುಷ್ಟಿ ಹಿಡಿಸುವಷ್ಟು ತೂತು ಬಿದ್ದಿತ್ತಂತೆ. ಅದರೊಳಗೆ ಒಂದು ಕಲ್ಲು ಬಿಟ್ಟರೆ ಎಷ್ಟೋ ಹೊತ್ತಿನ ಮೇಲೆ ನೀರಿನ ಸದ್ದು ಬಂತಂತೆ. ಹಳೇ ಕಾಲದ ನೀರಿನ ಸುರಂಗದ ಬಾವಿ, ಮೇಲೆ ಬರೀ ಮಣ್ಣಿನ ಪದರ. ನಾವು ಹಿಂದಿನ ದಿನ ನಕ್ಕೋತ ಹಾದು ಬಂದದ್ದು ಅದರ ಮೇಲೆಯೇ. ಇದನ್ನೆಲ್ಲ ಭಾಯಿ ಕುಬರಾಗೆ ಹೇಳಿದರು.

ಅದೇ ಸಂಜೆ ಅಶ್ವಜಿತನಿಗೆ ಫೋನ್ ಮಾಡಿ ಮಾತ್ರ ಇಷ್ಟೇ ಹೇಳಿದರು. "ಸರ್, ಕಲ್ ಕಾ ರಾಸ್ತಾ ನಕ್ಕೋ. ಬಿಲ್ಕುಲ್ ನಕ್ಕೋ. ಇಡ್ತೇನಿ."

ನಮ್ಮ ಕಡೆಯ ಉರ್ದುವಾದ ದಖನಿಯಲ್ಲಿ ಕಲ್ ಎಂದರೆ ನಿನ್ನೆಯೂ ಹೌದು, ನಾಳೆಯೂ ಹೌದು. ವಾಕ್ಯ ಪೂರ್ತಿ ಹೇಳಿದರೆ ಯಾವುದೆಂದು ಕೂಸಿಗೂ ತಿಳಿಯುತ್ತದೆ. ಅರ್ಧ ನುಂಗಿದರೆ ದೇವರೇ ಗತಿ. ಭಾಯಿ ಬೇಡವೆಂದದ್ದು ನಿನ್ನೆಯ ದಾರಿ, ಆ ಕಣಿವೆಯದು. ಬೀದರ ಸೀಮೆಯಲ್ಲೇ ಹುಟ್ಟಿ ಬೆಳೆದ, ಭಾಯಿಯ ಜೋಡಿ ದಖನಿಯಲ್ಲೇ ಜಗಳಾಡುವ ನನ್ನ ತಮ್ಮ ನಾಳೆಯ ದಾರಿ ಎಂದು ತಿಳಿದ. ಹೊರಗಿನವನಾಗಿದ್ದರೆ ತಿಳಿಯದೆ ಮತ್ತೊಮ್ಮೆ ಕೇಳುತ್ತಿದ್ದ. ಇವನಿಗೆ ತಿಳಿದುಬಿಟ್ಟಿತ್ತಲ್ಲ! ನನಗೂ ಭಾಯಿಯ ಮಾತನ್ನು ಇದ್ದಹಾಗೆ ಹೇಳಲಿಲ್ಲ. ಕನ್ನಡ ಮಾಡಿಯೇ ಹೇಳಿದ: "ಅಕ್ಕಾ, ನಾಳಿ ದಿಬ್ಬದ ದಾರಿ ಬ್ಯಾಡಂತ. ಮಳಿಗಿ ಜಾರ್ತದ ಕಾಣ್ತದ. ಕಣಿವಿ ದಾರಿಗಿ ಹೋಗಾಮು."

ಭಾನುವಾರ ಬೆಳಿಗ್ಗೆ ಆಯೆಶಾ ನಮ್ಮ ಜೊತೆಗೇ ಭಾಲ್ಕಿಯಿಂದ ಹೊರಟಳು. ಹಳದಿ ಹೆಲ್ಮೆಟ್ ಹಾಕಿಕೊಂಡು ದಾರಿಯುದ್ದಕ್ಕೂ ಬಡಬಡಿಸಿದಳು. ಕಾಡಿನೊಳಗೆ ಫೋನ್ ಹತ್ತುವುದಿಲ್ಲ. ಭಾಯಿ ತಮ್ಮ ರೂಢಿಯಂತೆ ಮುಂಚೆಯೇ ಹೋಗಿ ದಿಬ್ಬದ ಮೇಲಿನ ಕಠಿಣ ತಿರುವಿನಲ್ಲಿ ನೀರಿನ ಕ್ಯಾನ್ ಇಟ್ಟುಕೊಂಡು ನಮಗಾಗಿ ಕಾಯುತ್ತ ಕೂತಿದ್ದರು. ನಾವು ಕೆಳಗೆ ಕಣಿವೆಯ ಬಾಯಿಗೆ ಬಂದೆವು.

ಅಲ್ಲಿ ದಾರಿಗೆ ಅಡ್ಡ ಜಾಲಿ ಮುಳ್ಳು ಬಿದ್ದಿತ್ತು. "ಕುರಿಯವ್ರ ಕೆಲಸ" ಎಂದು ಅಶ್ವಜಿತ ಎಳೆದು ಬದಿಗೆ ಹಾಕಿದ. ನಾನು ನೋಡಿದೆ. ಟೊಂಗೆಗಳ ಕಡಿತ ಹಸಿಯಾಗಿತ್ತು, ಒಂದರ ಮೇಲೊಂದು ಒಪ್ಪವಾಗಿ ಹೊಂದಿಸಿ ಇಟ್ಟಿದ್ದರು.

"ಕುರಿಯವ್ರು ಇಷ್ಟು ಜೋಡಿಸಿ ಹಾಕ್ತಾರೇನೋ ಅಶ್ವ್ಯಾ?"

"ನಿಂದು ಬರೇ ಸಂಶಯ ಅಕ್ಕಾ. ಬಾ ಸುಮ್ಮ."

ಹೊರಟೆವು. ಮುಂದೆ ಆಯೆಶಾ, ಅವಳ ಹಿಂದೆ ಅಶ್ವಜಿತ, ಅವನ ಹಿಂದೆ ಔರಾದಿನವರು, ಎಲ್ಲರ ಕೊನೆಗೆ ನಾನು. ಒದ್ದೆ ಮಣ್ಣು ಟಯರಿಗೆ ಕಚ್ಚುತ್ತಿತ್ತು. ಸ್ವಲ್ಪ ಒಳಗೆ ಹೋದ ಮೇಲೆ ನನ್ನ ಕಿವಿಗೆ ನೀರು ಹರಿಯುವ ಸದ್ದು ಬಿತ್ತು. ಆ ಕಣಿವೆಯಲ್ಲಿ ಹಳ್ಳವೇ ಇಲ್ಲ. ಸೈಕಲ್ ನಿಲ್ಲಿಸಿ ಆಲಿಸಿದೆ. ಸದ್ದು ಕಾಲ ಕೆಳಗಿನಿಂದ ಬರುತ್ತಿತ್ತು. "ಅಶ್ವ್ಯಾ, ನಿಲ್ಲೋ!" ಎಂದು ಕೂಗಿದೆ. ಮುಂದಿನವರು ನಗುತ್ತ ಹೋಗುತ್ತಲೇ ಇದ್ದರು.

ಆಗ ದಿಬ್ಬದ ಮೇಲಿಂದ ಇನ್ನೊಂದು ಕೂಗು ಬಂತು. ಭಾಯಿಗೆ ಮೇಲಿಂದ ಕಂಟಿಗಳ ನಡುವೆ ಹಳದಿ ಹೆಲ್ಮೆಟ್ ಕಂಡಿತ್ತು. ದಾರಿ ಗೀರಿ ನೋಡದೆ ಇಳಿಜಾರಿಗೆ ನೇರವಾಗಿ ಸೈಕಲ್ ಬಿಟ್ಟರು. ಅರ್ಧದಲ್ಲಿ ಉರುಳಿ ಬಿದ್ದರು. ಸೈಕಲ್ ಅಲ್ಲೇ ಬಿಟ್ಟು, ಮುಳ್ಳಲ್ಲಿ ನುಗ್ಗಿ, ಮೈಯೆಲ್ಲ ಗೀರಿಕೊಂಡು, ಮಗಳ ಎದುರಿಗೆ ಬಂದು ಎರಡೂ ಕೈ ಅಗಲಿಸಿ ನಿಂತರು. "ಬ್ರೇಕ್ ಹಿಡಿ ಬೇಟಿ! ಬ್ರೇಕ್!"

ಆಯೆಶಾ ಹಿಡಿದಳು. ಹಸಿ ಮಣ್ಣಿನಲ್ಲಿ ಸೈಕಲ್ ಜಾರಿತು, ಅವಳು ಅದರ ಸಮೇತ ಹೋಗಿ ಸರಿಯಾಗಿ ಆ ಕುಸಿದ ಜಾಗದ ಮೇಲೆಯೇ ಬಿದ್ದಳು. ನೆಲ ಒಂದು ಗೇಣು ಇಳಿಯಿತು. ನಾವೆಲ್ಲ ಕಂಡದ್ದು ಹುಡುಗಿ ಜಾರಿ ಬಿದ್ದದ್ದನ್ನು ಮಾತ್ರ. ಅಲ್ಲಿ ಏನಿದೆಯೆಂದು ಗೊತ್ತಿದ್ದವರು ಒಬ್ಬರೇ. ಗೊತ್ತಿದ್ದೇ ಅದರ ಮೇಲೆ ಕಾಲಿಟ್ಟರು. ಮಗಳ ರಟ್ಟೆ ಹಿಡಿದೆತ್ತಿ, ಎರಡೂ ಕೈಯಿಂದ ಅಶ್ವಜಿತನ ಕಡೆ ನೂಕಿದರು. ಅವಳು ಬಂದು ಅವನ ಕಾಲಿಗೆ ಬಿದ್ದಳು. ತಿರುಗಿ ನೋಡಿದರೆ ಭಾಯಿ ಇಲ್ಲ, ಸೈಕಲ್ಲೂ ಇಲ್ಲ. ನೆಲದಲ್ಲಿ ಕತ್ತಲೆಯ ಬಾಯಿ, ಅದರೊಳಗೆ ಇನ್ನೂ ಮಣ್ಣು ಉದುರುತ್ತಿತ್ತು.

ಔರಾದಿನವರು ಹಗ್ಗ ತರಲು ರಸ್ತೆಗೆ ಓಡಿದರು. ಅಶ್ವಜಿತ, "ಕಲ್ ಅಂದ್ರ ನಾಳಿ ಅಂದ್ಕೊಂಡ್ನಲ್ಲ ಅಕ್ಕಾ, ನಾಳಿ ಅಂದ್ಕೊಂಡ್ನಲ್ಲ" ಎಂದು ತಲೆ ತಲೆ ಬಡಿದುಕೊಳ್ಳತೊಡಗಿದ. ನನಗೆ ಅವನ ಕೆನ್ನೆಗೆ ಬಾರಿಸಬೇಕೆನಿಸಿತು, ಅವನನ್ನು ಅಪ್ಪಿಕೊಳ್ಳಬೇಕೆಂದೂ ಅನಿಸಿತು. ಎರಡಕ್ಕೂ ಕೈ ಏಳಲಿಲ್ಲ.

ಕೆಳಗಿನಿಂದ ಭಾಯಿಯ ದನಿ ಬಂತು. ಬಹಳ ಆಳದಿಂದ, ನೀರಿನ ಸದ್ದಿನ ಜೊತೆ.

"ಆಯೆಶಾ?"

"ಇಲ್ಲೇ ಅದೀನಿ ಅಬ್ಬಾ! ನನಗೇನೂ ಆಗಿಲ್ಲ!" ಹುಡುಗಿ ಹೊಟ್ಟೆಯ ಮೇಲೆ ತೆವಳಿಕೊಂಡು ಆಗಲೇ ಅಂಚಿಗೆ ಹೋಗಿದ್ದಳು. ಅಶ್ವಜಿತ ಓಡಿ ಅವಳ ಎರಡೂ ಕಾಲು ಹಿಡಿದುಕೊಂಡ.

"ಪೀಛೇ ಹಟ್ ಬೇಟಿ" ಎಂದರು ಭಾಯಿ. ಹಿಂದಕ್ಕೆ ಸರಿ, ಅಂಚು ಕಚ್ಚಾ ಇದೆ, ದೂರ ಹೋಗಿ ನಿಂತುಕೋ ಎಂದರು. ಸರಿದೆಯಾ ಎಂದು ಕೇಳಿದರು. ದನಿ ಸಣ್ಣದಾಗುತ್ತಿತ್ತು. ಮತ್ತೆ ಕೇಳಿದರು, ಸರಿದೆಯಾ?

"ಹಟ್ ಗಯೀ ಅಬ್ಬಾ" ಎಂದಳು ಆಯೆಶಾ. "ದೂರ ನಿಂತೀನಿ."

ಹೆಗಲವರೆಗೂ ಕೈಯನ್ನು ಆ ತೂತಿನೊಳಗೆ ಇಳಿಬಿಟ್ಟುಕೊಂಡು ಹೇಳಿದಳು. ಕೆಳಗಿನಿಂದ ಮತ್ತೇನೂ ಕೇಳಲಿಲ್ಲ. ಹಗ್ಗದವರು ಬಂದ ಮೇಲೂ ಅವಳನ್ನು ಅಲ್ಲಿಂದ ಎಬ್ಬಿಸಲು ನಮ್ಮ ಕೈಲಿ ಆಗಲಿಲ್ಲ.