ಹುಳ ಹಣ್ಣಾದ ದಿನ ಊರೆಲ್ಲ ವಾರಗಿತ್ತಿ ಮನೇಲಿ

ನಮ್ಮೂರು ಸಾತನೂರಿಂದ ಒಳಕ್ಕೆ, ಗುಡ್ಡದ ಮಗ್ಗುಲಲ್ಲಿ. ಬಸ್ಸು ಬೆಳಿಗ್ಗೆ ಒಂದ್ಸಲ, ಸಂಜೆ ಒಂದ್ಸಲ, ಅದೂ ಅದಕ್ಕೆ ಮನಸ್ಸು ಬಂದ್ರೆ. ಹೊರಗಿಂದ ಕೂಲಿಯೋರು ಬರೋ ಮಾತೇ ಇಲ್ಲ. ಅದಕ್ಕೇ ರೇಷ್ಮೆಹುಳ ಹಣ್ಣಾದ ದಿನ, ಅಂದ್ರೆ ಸೊಪ್ಪು ತಿನ್ನೋದು ಬಿಟ್ಟು ಗೂಡು ಕಟ್ಟೋಕೆ ನಿಂತ ದಿನ, ಊರೋರೇ ಮುಯ್ಯಾಳು: ಇವತ್ತು ಅವರು ನಮ್ಮನೆಗೆ, ನಾಳೆ ನಾವು ಅವರ ಮನೆಗೆ. ಹಣ್ಣಾದ ಹುಳ ಕಾಯೋದಿಲ್ಲ. ಅವತ್ತೇ ಆರಿಸಿ, ಗೂಡು ಕಟ್ಟೋಕೆ ಅಂತ ಬಿದಿರಲ್ಲಿ ಹೆಣೆದ ಚಂದ್ರಿಕೆಗೆ ಬುಡ್ಬೇಕು. ಇಲ್ಲಾಂದ್ರೆ ಸೊಪ್ಪಿನ ಕಸದಲ್ಲೇ ಗೂಡು ಕಟ್ಕೊಂಡು ಪಟ್ಟ ಕಷ್ಟವೆಲ್ಲ ಹಾಳು.

ಇಂಥ ಊರಲ್ಲಿ ಒಬ್ಬರಿಗೊಬ್ಬರು ಆಯ್ತಾರೆ, ನಿಜ. ಆದ್ರೆ ಯಾರಿಗೆ ಎಷ್ಟು ಆಯ್ತಾರೆ ಅನ್ನೋದೂ ಎಲ್ರಿಗೂ ಕಾಣ್ತದೆ. ನನ್ನ ವಾರಗಿತ್ತಿ, ಮೈದುನನ ಹೆಂಡ್ತಿ, ಪಕ್ಕದ ಮನೆಯೋಳು. ಅವಳ ಹುಳ ಹಣ್ಣಾದ್ರೆ ಕರೆಯೋಕೆ ಮುಂಚೆನೇ ಜನ ಬಂದು ಕೂತಿರ್ತಾರೆ. ನಾನು ಮಾತ್ರ ಮನೆಮನೆ ತಿರುಗಿ ಕರೀಬೇಕು. ಬಂದೋರೂ ಮುಯ್ಯಿ ತೀರ್ತು ಅನ್ನೋ ಹಂಗೆ ಎದ್ದು ಹೋಗೋರು. ಅವಳಿಗೇನು ಎರಡು ಕೊಂಬು ಐತಾ? ಹಲ್ಲು ಕಿರೀತಾಳೆ, ಅಷ್ಟೆ. ಕಾಫಿನೂ ನಂದೇ ಗಟ್ಟಿ. ಹೊಟ್ಟೆ ಉರೀತಿತ್ತು ಕಣ್ರೀ, ಸುಳ್ಳು ಯಾಕೆ ಹೇಳ್ಲಿ.

ಈ ಸಲ ಇಬ್ಬರ ಹುಳವೂ ಒಂದೇ ದಿನ ಹಣ್ಣಾಗ್ಬುಟ್ಟವು. ಬೆಳಿಗ್ಗೆ ನೋಡಿದ್ರೆ ತಟ್ಟೆ ತುಂಬ ಹಳದಿ ತಿರುಗಿ ತಲೆ ಎತ್ಕೊಂಡು ಆಡ್ತಾವೆ. ಫೋನಿಗೆ ಸಿಗ್ನಲ್ ಇಲ್ಲ, ಓಡಿದೆ. ಎಲ್ಲಾ ಮನೇಲೂ ಒಂದೇ ಮಾತು: "ನಿನ್ ವಾರ್ಗಿತ್ತಿ ಮನೆಗೆ ಹೊಂಟಿದೀವಿ ಕಣವ್ವ, ಮುಗುಸ್ಕೊಂಡು ಬತ್ತೀವಿ." ಅಷ್ಟೊತ್ತಿಗೆ ನನ್ನ ಹುಳ ಉಳಿದಿರ್ತಾವಾ? ಅವಳ ಮನೇಲಿ ಊರೆಲ್ಲಾ ನಗ್ತಾ ಐತೆ, ಇಲ್ಲಿ ನಾನು, ನಮ್ಮ ಯಜಮಾನ್ರು, ಇಬ್ಬರೇ. ಹಾಳಾಗೋಗ್ಲಿ ಅವಳ ಬೆಳೆ ಅಂತ ಬಾಯಿಬಿಟ್ಟೇ ಅಂದೆ.

ಒಸಿ ಹೊತ್ತಿಗೆ ಬಾಗಿಲಲ್ಲಿ ಅವಳೇ, ಹಿಂದೆ ಅಷ್ಟೂ ಜನ. "ಅಕ್ಕಂದೇ ಜಾಸ್ತಿ ಐತೆ, ಮೊದ್ಲು ಇದಾಗ್ಲಿ, ಬನ್ರವ್ವ" ಅಂತ ಸೆರಗು ಸಿಕ್ಕಿಸ್ಕೊಂಡು ಕೂತೇಬುಟ್ಟಳು. ನನ್ನ ಮನೇಲಿ ಅವಳ ತಮಾಷೆ, ನನ್ನ ಕಾಫಿ ಕುಡ್ಕೊಂಡು ಅವಳನ್ನ ಹೊಗಳೋರು. ಸಂಜೆಗೆ ನನ್ನ ಹುಳವೆಲ್ಲ ಚಂದ್ರಿಕೆ ಸೇರ್ತು. ಅಷ್ಟರಲ್ಲಿ ಅವಳದು ಅರ್ಧ ಕಸದಲ್ಲೇ ಕಟ್ಕೊಂಡು ಕೆಟ್ಟೋಗಿತ್ತು.

ವಾರ ಕಳೆದು ಗೂಡು ಬಿಡಿಸಿದ ಮೇಲೆ, ರಾಮನಗರದ ಮಾರ್ಕೆಟ್ಟಲ್ಲಿ ನನ್ನ ಗೂಡಿಗೆ ಒಳ್ಳೇ ರೇಟು ಸಿಕ್ತು. ಖುಷಿಗೆ ಮೈಸೂರುಪಾಕು ಕಟ್ಟಿಸ್ಕೊಂಡು ಸಂಜೆ ಬಸ್ಸಿಗೆ ಬಂದೆ. ಹೇಳ್ಕೊಳ್ಳಾಣ ಅಂದ್ರೆ ಬೀದೀಲಿ ಒಬ್ಬರಿಲ್ಲ. ಎಲ್ಲಾ ಅವಳ ಜಗಲಿ ಮೇಲೆ, "ಅಯ್ಯೋ ಪಾಪ, ಎಂಥಾ ಮನಸ್ಸವ್ವ ನಿಂದು" ಅಂತ. ಥೂ! ಬೆಳೆ ಕಳ್ಕೊಂಡೂ ಗೆದ್ದೋಳು ಅವಳೇ. ಮನೆ ಬೀಗ ತೆಗೆದು ಒಬ್ಬಳೇ ಉರ್ಕೊಂಡು ಕೂತೆ. ಯಾರಾದ್ರೂ ಬಂದು ಎಷ್ಟಕ್ಕೆ ಹೋಯ್ತು ಅಂತ ಕೇಳ್ತಾರೇನೋ ಅಂತ ಕಾದೆ. ಯಾರೂ ಬರಲಿಲ್ಲ.

ಆಮೇಲೆ ಪೊಟ್ಟಣ ಎತ್ಕೊಂಡು ನಾನೂ ಅಲ್ಲಿಗೇ ಹೋದೆ. ಇಷ್ಟೇ ಇಷ್ಟು ಊರಲ್ಲಿ ಹೋಗಿ ಕೂರೋಕೆ ಇನ್ನೊಂದು ಜಗಲಿ ಎಲ್ಲೈತೆ?